ತೂಕ ಕೇಳುವ ಹಲಗೆ

ಹಿಮದ ಮೇಲೆ ಜಾರೋ ಹಲಗೆ ಬಗ್ಗೆ ಮಲೆನಾಡಿನವಳಿಗೆ ಏನು ಗೊತ್ತು ಅಂತ ಕೇಳಬೇಡಿ. ನಮ್ಮೂರಲ್ಲಿ ಹಿಮ ಇರಲಿಲ್ಲ, ಆದರೆ ಜಾರೋದು ಧಾರಾಳವಾಗಿ ಇತ್ತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಮೇಲೆ ಒಬ್ಬರು ಕೂರೋದು, ತುದಿಯ ಸೋಗೆ ಹಿಡಿದು ಇನ್ನೊಬ್ಬರು ಎಳೆಯೋದು. ಹಾಳೆ ಆರಿಸೋದರಲ್ಲೂ ಲೆಕ್ಕ ಇತ್ತು. ತೀರಾ ಒಣಗಿದ್ದು ಅರ್ಧ ದಾರೀಲೇ ಸೀಳುತ್ತೆ. ಚಿಕ್ಕ ಹಾಳೆಯಲ್ಲಿ ದೊಡ್ಡ ಹುಡುಗರು ಕೂತರೆ ಅಂಡು ನೆಲಕ್ಕೆ ಉಜ್ಜುತ್ತೆ. ಕೂರೋರ ಗಾತ್ರ ನೋಡಿ ಹಾಳೆ ಆರಿಸಬೇಕು ಅನ್ನೋದು ಆರು ವರ್ಷದ ಮಕ್ಕಳಿಗೂ ಗೊತ್ತಿದ್ದ ವಿಷಯ.

ಈಗ ಡೆನ್ವರ್‌ನಲ್ಲಿದ್ದೀನಿ. ಓದಿದ್ದು ಮೆಕ್ಯಾನಿಕಲ್ ಬಿ.ಇ., ಹೊಟ್ಟೆಪಾಡು ಸಾಫ್ಟ್‌ವೇರ್. ಚಳಿಗಾಲದ ಶನಿವಾರ ಬೆಳಗಿನ ಜಾವ ಎದ್ದು ಐ-70 ಹೆದ್ದಾರಿ ಹಿಡಿದರೆ, ಟ್ರಾಫಿಕ್ ಇಲ್ಲದಿದ್ದರೆ, ಗಂಟೆ ಚಿಲ್ಲರೆಯಲ್ಲಿ ಐಸೆನ್‌ಹೋವರ್ ಸುರಂಗ ಬರುತ್ತೆ. ಅದರ ಬಾಯಲ್ಲೇ, ಸುಮಾರು 11 ಸಾವಿರ ಅಡಿ ಎತ್ತರದಲ್ಲಿ, ಲವ್‌ಲ್ಯಾಂಡ್ ಅನ್ನೋ ಇಳಿಜಾರು. ನಮ್ಮ ಕಡೆಯವರೂ ಸಾಕಷ್ಟು ಜನ ಸಿಗ್ತಾರೆ. ಗಂಡಸರು ಮೇಲೆ ಬೋರ್ಡ್ ಕಟ್ಟಿಕೊಂಡು ಬೀಳ್ತಾ ಏಳ್ತಾ ಇರ್ತಾರೆ. ಹೆಂಗಸರು ಕೆಳಗೆ ಲಾಡ್ಜ್‌ನಲ್ಲಿ ಬ್ಯಾಗು, ಗ್ಲೌಸು, ಚಿತ್ರಾನ್ನದ ಡಬ್ಬಿ ಕಾಯ್ತಾ ಕೂತಿರ್ತಾರೆ. "ನೀವು ಹೋಗಲ್ವಾ?" ಅಂದರೆ "ಒಂದ್ಸಲ ಟ್ರೈ ಮಾಡಿದ್ದೆ, ನಂಗೆ ಭಯ" ಅಂತಾರೆ. ಆ ಒಂದು ಸಲ ಹತ್ತಿದ್ದ ಬೋರ್ಡ್ ಯಾರದ್ದಾಗಿತ್ತು ಅಂತ ಕೇಳಿ ನೋಡಿ. ಗಂಡನದ್ದು, ಇಲ್ಲಾ ಗಂಡನ ಗೆಳೆಯನದ್ದು.

ನನಗೂ ಸಿಕ್ಕಿದ್ದು ಅಂಥದ್ದೇ. ನಮ್ಮನೆಯವರ ಗೆಳೆಯರೊಬ್ಬರು ಊರು ಬಿಡುವಾಗ ಕೊಟ್ಟು ಹೋಗಿದ್ದ 156 ಸೆಂಟಿಮೀಟರಿನ ಗಂಡಸರ ಬೋರ್ಡು. ನನ್ನ ಎತ್ತರ 157. "ನೀನೇನು ಒಲಿಂಪಿಕ್ಸ್‌ಗೆ ಹೋಗ್ತೀಯಾ, ನಿಂಗೆ ಇದೇ ಸಾಕು" ಅಂದ್ರು ಇವರು. ಈ "ನಿಂಗೆ ಇದೇ ಸಾಕು" ನನಗೆ ಹೊಸದಲ್ಲ. ಅಣ್ಣನ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತವಳು ನಾನು. ಅಣ್ಣನ ಕಂಪಾಸ್ ಬಾಕ್ಸು, ಅಣ್ಣನ ರೇನ್‌ಕೋಟು. ಬಡತನದಲ್ಲಿ ಅದು ಸರಿಯೇ. ಆದರೆ ಬಡತನ ಹೋದ ಮೇಲೂ ಆ ಮಾತು ಮಾತ್ರ ಹೋಗಲ್ಲ.

ಆ ಬೋರ್ಡು ತಿರುಗಲೇ ಇಲ್ಲ. ಎರಡು ದಿನ ಬಿದ್ದೆ. ಸುತ್ತ ಇದ್ದವರೆಲ್ಲ "ಭಯ ಬಿಡಿ, ಮುಂದಕ್ಕೆ ಬಾಗಿ" ಅಂತ ಧೈರ್ಯ ಹೇಳೋರೇ. ಮೂರನೇ ದಿನ ಪಾಠಕ್ಕೆ ಸೇರಿದೆ. ಕಲಿಸೋಕೆ ಬಂದಾಕೆ ನನ್ನ ಮುಖ ನೋಡೋ ಮೊದಲು ಕಾಲ ಕೆಳಗೆ ನೋಡಿದಳು. "ಇದು ಯಾರದ್ದು?" ಅಂದಳು. ಆಮೇಲೆ "ನಿನ್ನ ತೂಕ ಎಷ್ಟು?" ಅಂದಳು. ನಮ್ಮಲ್ಲಿ ಹೆಣ್ಣುಮಕ್ಕಳ ತೂಕ ಕೇಳೋದು ಡಾಕ್ಟರು, ಬಿಟ್ಟರೆ ಮದುವೆಮನೆಯ ಅತ್ತೆಯಂದಿರು. 58 ಕೆ.ಜಿ. ಅಂದೆ. ಬಾಡಿಗೆ ಅಂಗಡಿಯಿಂದ 142ರ ಹೆಂಗಸರ ಬೋರ್ಡು ತರಿಸಿದಳು. ಮಧ್ಯಾಹ್ನದ ಹೊತ್ತಿಗೆ ಎಡಕ್ಕೂ ಬಲಕ್ಕೂ ತಿರುಗ್ತಿದ್ದೆ. ಅದೇ ಇಳಿಜಾರು, ಅದೇ ನಾನು, ಅಷ್ಟೇ ಭಯ.

ಯಾಕೆ ಹೀಗೆ ಅನ್ನೋದಕ್ಕೆ ಬಿ.ಇ.ಯಲ್ಲಿ ಓದಿದ್ದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಸಾಕು. ಸ್ನೋಬೋರ್ಡಿನ ನಡು ಸಣ್ಣ, ಎರಡು ತುದಿ ಅಗಲ. ಅದನ್ನು ಒಂದು ಅಂಚಿನ ಮೇಲೆ ವಾಲಿಸಿ ತೂಕ ಹಾಕಿದರೆ ಹಲಗೆ ಬಾಗಿ ಕಮಾನಾಗುತ್ತೆ, ಆ ಕಮಾನಿನ ದಾರಿಯಲ್ಲೇ ತಿರುಗುತ್ತೆ. ಬಾಗದಿದ್ದರೆ ತಿರುಗಲ್ಲ. ಇನ್ನು ತೊಲೆಯ ಲೆಕ್ಕ ನೆನಪಿಸಿಕೊಳ್ಳಿ: ಎಷ್ಟು ಬಾಗುತ್ತೆ ಅನ್ನೋದು ಹಾಕಿದ ಭಾರಕ್ಕೂ ಉದ್ದದ ಘನಕ್ಕೂ ನೇರ ಅನುಪಾತ, ದಪ್ಪದ ಘನಕ್ಕೆ ವಿಲೋಮ ಅನುಪಾತ. ಗಂಡಸರ ಬೋರ್ಡನ್ನೇ ಉದ್ದದಲ್ಲಿ ಶೇ. 10 ಕತ್ತರಿಸಿ, ಉಳಿದದ್ದು ಹಾಗೇ ಬಿಟ್ಟು, ಗುಲಾಬಿ ಬಣ್ಣ ಬಳಿದರೆ ಅದು ಅಷ್ಟೇ ಭಾರಕ್ಕೆ ಶೇ. 27ರಷ್ಟು ಕಡಿಮೆ ಬಾಗುತ್ತೆ. ಮೇಲೆ ನಿಲ್ಲೋಳ ತೂಕವೂ ಕಡಿಮೆ. ಅಂದರೆ ಚಿಕ್ಕದು ಮಾಡೋಕೆ ಹೋಗಿ ಇನ್ನಷ್ಟು ಬಿರುಸು ಮಾಡಿದ ಹಾಗೆ. ಆದ್ದರಿಂದಲೇ ಹೆಂಗಸರಿಗೆ ಅಂತ ಸರಿಯಾಗಿ ಮಾಡಿದ ಬೋರ್ಡಿನಲ್ಲಿ ಒಳಗಿನ ಮರದ ತಿರುಳೇ ಬೇರೆ, ನಡುವೂ ಸಣ್ಣ.

ತಮಾಷೆ ಏನು ಗೊತ್ತಾ? ಈ ಹಲಗೆಯ ಮೂಲವೇ ಹೆಣ್ಣುಮಕ್ಕಳು. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕಿಗನ್‌ನಲ್ಲಿ ಶರ್ಮನ್ ಪಾಪೆನ್ ಅನ್ನೋ ಎಂಜಿನಿಯರ್ ತನ್ನ ಪುಟ್ಟ ಹೆಣ್ಣುಮಕ್ಕಳು ಮನೆ ಹಿಂದೆ ಆಡಿಕೊಳ್ಳಲಿ ಅಂತ ಎರಡು ಸ್ಕೀ ಜೋಡಿಸಿ ಒಂದು ಮಾಡಿದ. ಸ್ನೋ, ಸರ್ಫರ್ ಎರಡೂ ಸೇರಿಸಿ "ಸ್ನರ್ಫರ್" ಅಂತ ಹೆಸರಿಟ್ಟಿದ್ದು ಅವನ ಹೆಂಡತಿ. ಅಲ್ಲಿಂದ ಬೆಳೆದ ಆಟ 1998ರಲ್ಲಿ ನಗಾನೊ ಒಲಿಂಪಿಕ್ಸ್ ಸೇರಿದಾಗ ಮೊದಲ ಸಲವೇ ಗಂಡಸರಿಗೂ ಹೆಂಗಸರಿಗೂ ಸ್ಪರ್ಧೆ ಇತ್ತು. ಆದರೂ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗಂಡಸರದ್ದೇ ಅಳತೆ, ಹೆಂಗಸರಿಗೆ ಮಿಕ್ಕಿದ್ದು.

ಸರಿ, ಆರಿಸೋದು ಹೇಗೆ? ಮೊದಲು ಬೂಟು. ಬೋರ್ಡು ಅಲ್ಲ, ಬೂಟು. ನಿಂತಾಗ ಬೆರಳ ತುದಿ ಮುಂದಕ್ಕೆ ಹಗುರವಾಗಿ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಹೆಂಗಸರ ಮೀನಖಂಡ ಸಾಮಾನ್ಯವಾಗಿ ಸ್ವಲ್ಪ ಕೆಳಗಿರುತ್ತೆ, ಅದಕ್ಕೇ ಅವರ ಬೂಟಿನ ಮೇಲಂಚು ಬೇರೆ ಥರ ಇರುತ್ತೆ.

ಎರಡನೆಯದು ಉದ್ದ. ಗದ್ದದಿಂದ ಮೂಗಿನವರೆಗೆ ಬರಬೇಕು ಅನ್ನೋದು ಹಳೇ ಲೆಕ್ಕ, ಅಂದಾಜಿಗೆ ಪರವಾಗಿಲ್ಲ. ಆದರೆ ಹಲಗೆಗೆ ನಿಮ್ಮ ಮೂಗು ಎಲ್ಲಿದೆ ಅಂತ ಗೊತ್ತಿಲ್ಲ, ಅದಕ್ಕೆ ಗೊತ್ತಾಗೋದು ತೂಕ. ನನ್ನಷ್ಟೇ ಎತ್ತರ, 72 ಕೆ.ಜಿ. ತೂಕ ಇರೋ ಗೆಳತಿಗೆ ನನಗಿಂತ ಐದಾರು ಸೆಂಟಿಮೀಟರ್ ಉದ್ದದ್ದು ಬೇಕಾಯ್ತು. ಪ್ರತಿ ಬೋರ್ಡಿಗೂ ತಯಾರಕರ ತೂಕದ ಪಟ್ಟಿ ಇರುತ್ತೆ, ಅದನ್ನು ನೋಡಿ.

ಮೂರನೆಯದು ನಡುವಿನ ಅಗಲ. ನನ್ನ ಪಾದ 23.5 ಸೆಂಟಿಮೀಟರ್, ಈಗಿರೋ ಬೋರ್ಡಿನ ನಡು 23.8. ಬೂಟು ಎರಡೂ ಕಡೆ ಒಂದೆರಡು ಸೆಂಟಿಮೀಟರ್ ಆಚೆ ಚಾಚಿದರೆ ಹಿತ. ಅದಕ್ಕಿಂತ ಜಾಸ್ತಿ ಚಾಚಿದರೆ ತಿರುಗುವಾಗ ಬೆರಳ ತುದಿ ಹಿಮಕ್ಕೆ ಉಜ್ಜಿ ಎತ್ತಿ ಹಾಕುತ್ತೆ. ಬೋರ್ಡೇ ಅಗಲ ಜಾಸ್ತಿಯಾದರೆ ಒಂದಂಚಿಂದ ಇನ್ನೊಂದಂಚಿಗೆ ವಾಲಿಸೋಕೆ ತೊಡೆ ಸೋಲುತ್ತೆ. ಇಲ್ಲೇ ಇನ್ನೊಂದು ಮಾತು: ನಮ್ಮ ಟೀಮಿನಲ್ಲಿ ಆರಡಿ ಹತ್ತಿರ ಎತ್ತರದ, ದೊಡ್ಡ ಪಾದದ ಹುಡುಗಿಯಿದ್ದಾಳೆ. ಅವಳದ್ದು ಗಂಡಸರ ಬೋರ್ಡು, ಅವಳಿಗೆ ಅದೇ ಸರಿ. "ಲೇಡೀಸ್" ಅನ್ನೋದು ಹುಡುಕೋಕೆ ಶುರು ಮಾಡೋ ಜಾಗ ಅಷ್ಟೇ, ಅಲ್ಲೇ ನಿಲ್ಲಬೇಕಾಗಿಲ್ಲ.

ಕೊನೆಗೆ ಬಿರುಸು ಮತ್ತು ಬಾಗು. ಬಿರುಸನ್ನು 1ರಿಂದ 10ರವರೆಗೆ ಹೇಳ್ತಾರೆ. ಒಂದು ಕಂಪನಿಯ 4 ಇನ್ನೊಂದು ಕಂಪನಿಯ 4 ಅಲ್ಲ, ಆದರೂ ಕಲಿಯೋರಿಗೆ 2ರಿಂದ 4 ಒಳ್ಳೇದು. ನೆಲದ ಮೇಲಿಟ್ಟರೆ ನಡು ಬಿಲ್ಲಿನ ಹಾಗೆ ಮೇಲೆದ್ದಿರೋದು ಕ್ಯಾಂಬರ್. ಹಿಡಿತ ಜಾಸ್ತಿ, ಆದರೆ ಎಡವಟ್ಟಾಗಿ ಅಂಚು ಸಿಕ್ಕಿಕೊಂಡರೆ ಕ್ಷಮಿಸಲ್ಲ. ತೊಟ್ಟಿಲಿನ ಹಾಗೆ ತುದಿಗಳು ಮೇಲೆದ್ದಿರೋದು ರಾಕರ್. ಸಾಧು ಪ್ರಾಣಿ, ಗಟ್ಟಿ ಹಿಮದ ಮೇಲೆ ಮಾತ್ರ ಸ್ವಲ್ಪ ಜಾರುತ್ತೆ. ಮೊದಲ ವರ್ಷಕ್ಕೆ ಚಪ್ಪಟೆಯದ್ದು, ಇಲ್ಲಾ ಎರಡೂ ಬೆರೆಸಿದ್ದು ತಗೊಳ್ಳಿ. ಬಣ್ಣ ಇಷ್ಟಾದ ಮೇಲೆ. ಗುಲಾಬಿ ಇಷ್ಟ ಇದ್ದರೆ ಗುಲಾಬಿಯೇ ಇರಲಿ, ನನ್ನದೂ ಅದೇ.

ದುಡ್ಡಿನ ವಿಷಯ. ಬೋರ್ಡು, ಬೂಟು, ಬೈಂಡಿಂಗ್ ಮೂರೂ ಹೊಸದಾಗಿ ಕೊಂಡರೆ ಸಾವಿರ ಡಾಲರ್ ಹತ್ತಿರ ಹೋಗಬಹುದು. ಮೊದಲ ಚಳಿಗಾಲ ಬಾಡಿಗೆಗೆ ತಗೊಂಡು ಎರಡು ಮೂರು ಅಳತೆ ನೋಡಿ. ಮಾರ್ಚ್–ಏಪ್ರಿಲ್‌ನಲ್ಲಿ ಸೀಸನ್ ಮುಗಿಯುವಾಗ ಬೆಲೆ ಇಳಿಯುತ್ತೆ, ಆಗ ಕೊಳ್ಳಿ. ನಾನು ಕೊಂಡಿದ್ದೂ ಆಗಲೇ, ಒಂದು 145. ಇವರು ಬಿಲ್ ನೋಡಿ ಏನೂ ಅನ್ನಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ನನ್ನ ಹಿಂದೆ ಇಳಿಯುವಾಗ "ಸ್ವಲ್ಪ ನಿಧಾನ ಹೋಗೇ" ಅಂತ ಕೂಗಿದರು.

ಲಾಡ್ಜ್‌ನಲ್ಲಿ ಬ್ಯಾಗ್ ಕಾಯ್ತಾ ಕೂತವರಿಗೆ ನಾನು ಧೈರ್ಯ ಹೇಳೋಕೆ ಹೋಗಲ್ಲ. ಧೈರ್ಯ ಅವರಿಗೆ ಬೇಕಾದಷ್ಟಿದೆ. ಊರು ಬಿಟ್ಟು, ಭಾಷೆ ಬಿಟ್ಟು, ಹಿಮ ಬೀಳೋ ರಸ್ತೆಯಲ್ಲಿ ಕಾರು ಓಡಿಸಿ ಮಕ್ಕಳನ್ನು ಡೇಕೇರ್‌ಗೆ ಬಿಟ್ಟು ಬರೋರು ಅವರು. ಒಂದು ಚೀಟಿಯಲ್ಲಿ ತೂಕ, ಪಾದದ ಉದ್ದ, ವರ್ಷಕ್ಕೆ ಎಷ್ಟು ದಿನ ಬರ್ತೀರಿ, ಈ ಮೂರನ್ನೂ ಬರ್ಕೊಂಡು ಅಂಗಡಿಗೆ ಹೋಗಿ ಅಂತೀನಿ, ಅಷ್ಟೇ. ಇನ್ನೊಂದು ಮಾತು. ತೂಕ ಬರೆಯುವಾಗ ಐದು ಕೆ.ಜಿ. ಕಡಿಮೆ ಬರೀಬೇಡಿ. ಹಲಗೆ ಯಾರ ಹತ್ರನೂ ಹೇಳಲ್ಲ.