ಪೆಲೋರಸ್ ದ್ವೀಪದ ಸ್ಪಂಜು ಮತ್ತು ಎರಡು ಡಿಗ್ರಿ ಬಿಸಿ

ಆಸ್ಟ್ರೇಲಿಯದ ಈಶಾನ್ಯ ಕರಾವಳಿಯಲ್ಲಿ ಟೌನ್ಸ್‌ವಿಲ್ ಎಂಬ ನಗರವಿದೆ. ಅಲ್ಲಿಂದ ಕರಾವಳಿಗುಂಟ ಉತ್ತರಕ್ಕೆ ಸಾಗಿದರೆ ಪಾಮ್ ದ್ವೀಪಗಳು ಸಿಗುತ್ತವೆ. ಅವುಗಳಲ್ಲಿ ಪುಟ್ಟದೊಂದು ಪೆಲೋರಸ್. ಸುಮಾರು 2300 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ಸಾಲಿಗೆ ಸೇರಿದ ದ್ವೀಪವಿದು. ಇಲ್ಲಿ ನೀರಿಗಿಳಿದವರ ಕಣ್ಣು ಮೊದಲು ಹೋಗುವುದು ಬಣ್ಣಬಣ್ಣದ ಹವಳ, ಮೀನುಗಳ ಕಡೆಗೆ. ಬಂಡೆಗೆ ಅಂಟಿಕೊಂಡು ಕದಲದೆ ಕುಳಿತ ಸ್ಪಂಜನ್ನು ಗಮನಿಸುವವರು ಕಡಿಮೆ.

ಸ್ಪಂಜು ಎಂದೊಡನೆ ಮಕ್ಕಳಿಗೆ ನೆನಪಾಗುವುದು ಸ್ಲೇಟು ಒರೆಸುವ ವಸ್ತು. ಅದು ಕಾರ್ಖಾನೆಯಲ್ಲಿ ತಯಾರಾದದ್ದು. ಕಡಲಿನ ಸ್ಪಂಜಾದರೋ ಜೀವವಿರುವ ಪ್ರಾಣಿ. ಅದಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ, ಮಿದುಳೂ ಇಲ್ಲ. ಮೈತುಂಬ ಇರುವ ರಂಧ್ರಗಳಿಂದ ನೀರನ್ನು ಒಳಗೆಳೆದು, ಸೋಸಿ, ಹೊರಬಿಡುತ್ತದೆ. ನೀರಿನೊಡನೆ ಬರುವ ಬ್ಯಾಕ್ಟೀರಿಯಾಗಳೇ ಅದರ ಮುಖ್ಯ ಆಹಾರ.

ಸೋಜಿಗವೆಂದರೆ, ಬ್ಯಾಕ್ಟೀರಿಯಾ ತಿಂದು ಬದುಕುವ ಈ ಪ್ರಾಣಿ ತನ್ನ ಮೈಯೊಳಗೇ ಬೇರೆ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡಿರುತ್ತದೆ. ಕೆಲವು ಜಾತಿಗಳಲ್ಲಿ ದೇಹದ ಮೂರನೇ ಒಂದು ಭಾಗ ಇವುಗಳದ್ದೇ. ಹೀಗೆ ಬಿಡಾರ ಹೂಡಿದವು ಸುಮ್ಮನಿರುವುದಿಲ್ಲ. ಕೆಲವು ಸ್ಪಂಜಿನ ತ್ಯಾಜ್ಯವಾದ ಅಮೋನಿಯಾವನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಕೆಲವು ಶತ್ರುಗಳನ್ನು ದೂರವಿಡುವ ರಾಸಾಯನಿಕ ತಯಾರಿಸುತ್ತವೆ. ಓಡಲಾರದ ಪ್ರಾಣಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದು?

ಪೆಲೋರಸ್‌ನ ಹವಳದ ನಡುವೆ ಬೆಳೆಯುವ ರೊಪಾಲಾಯ್ಡಿಸ್ ಒಡೊರಾಬಿಲೆ ಎಂಬ ಸ್ಪಂಜನ್ನು ನಿಕೋಲ್ ವೆಬ್‌ಸ್ಟರ್ ಮತ್ತು ಸಂಗಡಿಗರು ಪರೀಕ್ಷೆಗೆ ಆರಿಸಿಕೊಂಡರು. ತೊಟ್ಟಿಗಳಲ್ಲಿಟ್ಟು ಬೇರೆ ಬೇರೆ ಉಷ್ಣತೆಯ ನೀರು ಹಾಯಿಸಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. 27ರಿಂದ 31 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ಪಂಜು ಆರೋಗ್ಯವಾಗಿತ್ತು. ಒಳಗಿನ ಸಂಸಾರವೂ ಹಾಗೆಯೇ ಇತ್ತು. 33 ಡಿಗ್ರಿಯಲ್ಲಿ ಎಲ್ಲವೂ ತಲೆಕೆಳಗಾಯಿತು. ಹಳೆಯ ಬ್ಯಾಕ್ಟೀರಿಯಾಗಳು ಮರೆಯಾದವು. ಯಜಮಾನನಿಲ್ಲದ ಮನೆಗೆ ಕಂಡವರು ನುಗ್ಗುವಂತೆ ಅಪರಿಚಿತ ಬ್ಯಾಕ್ಟೀರಿಯಾಗಳು ಸೇರಿಕೊಂಡವು. ಕೆಲವೇ ದಿನಗಳಲ್ಲಿ ಸ್ಪಂಜಿನ ಮೈ ಕೊಳೆಯತೊಡಗಿತು. ನಡುವೆ ಇದ್ದದ್ದು ಎರಡೇ ಡಿಗ್ರಿ!

ಮನುಷ್ಯನಿಗೆ ಎರಡು ಡಿಗ್ರಿ ಜ್ವರ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಕಡಲಿನ ಜ್ವರ ನೋಡುವವರು ಯಾರು? ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿ ಬಿಸಿಯೇರಿದಂತೆ ಈ ನೀರೂ ಬಿಸಿಯಾಗುತ್ತಿದೆ. 2016ರಿಂದ 2024ರೊಳಗೆ ಐದು ಬಾರಿ ಗ್ರೇಟ್ ಬ್ಯಾರಿಯರ್ ರೀಫಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು.

ಆದರೂ ಒಂದು ಸಮಾಧಾನವಿದೆ. ಈ ಸ್ಪಂಜಿನ ಈಜಾಡುವ ಮರಿಗಳು ತಾಯಿಯಿಂದ ಕೆಲವು ಬ್ಯಾಕ್ಟೀರಿಯಾಗಳನ್ನು ಬಳುವಳಿಯಾಗಿ ಪಡೆದೇ ಹೊರಬರುತ್ತವೆ. 2011ರಲ್ಲಿ ಅದೇ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಮರಿಗಳು 34 ಡಿಗ್ರಿಯನ್ನೂ ತಾಳಿಕೊಂಡವು. ತಾಯಿ ತಾಳದ ಬಿಸಿಯನ್ನು ಮರಿ ತಾಳಿತು. ಆದರೆ ಮರಿ ಎಂದೆಂದಿಗೂ ಈಜುತ್ತಿರುವುದಿಲ್ಲ. ಒಂದು ದಿನ ಅದೂ ಬಂಡೆಗೆ ಅಂಟಿಕೊಂಡು, ಬೆಳೆದು, ತಾಯಿಯಂತೆ ಅದೇ ನೀರಿನಲ್ಲಿ ಬಾಳಬೇಕು. ಆ ನೀರು ಎಷ್ಟು ಬಿಸಿಯಾಗಿರಬೇಕೆಂಬುದು ಮಾತ್ರ ಸ್ಪಂಜಿನ ಕೈಯಲ್ಲಿಲ್ಲ.