ಹಡಗು ಹತ್ತುವ ಮೊದಲು

ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಹಡಗೆಂದರೆ ವಿಹಾರವಲ್ಲ, ಹೊಟ್ಟೆಪಾಡಿನ ದಾರಿ. ಘಟ್ಟದ ಮೇಲಿನವರು ರೈಲು ಹಿಡಿದರೆ ಕೆಳಗಿನವರಲ್ಲಿ ಅನೇಕರು ಆಗಬೋಟು ಹತ್ತಿದರು. 1970ರ ದಶಕದಲ್ಲಿಯೂ ಕಾರವಾರದ ಕಡೆಯವರು ಪಣಜಿಗೆ ಹೋಗಿ, ಅಲ್ಲಿಂದ ‘ಕೊಂಕಣ ಶಕ್ತಿ’, ‘ಕೊಂಕಣ ಸೇವಕ’ ಮೊದಲಾದ ಹಡಗುಗಳನ್ನು ಹಿಡಿದು, ಅಟ್ಟದ ಮೇಲೆ ಚಾಪೆ ಹಾಸಿ ಮಲಗಿ, ಮರುದಿನ ಭಾವುಚಾ ಧಕ್ಕೆಯಲ್ಲಿ ಇಳಿಯುತ್ತಿದ್ದುದುಂಟು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮೊದಲೇ ಆ ಹಡಗುಗಳು ನಿಂತುಹೋದವು.

ಈಗ ಮುಂಬಯಿಯಿಂದ ಹೊರಡುವುದು ವಿಹಾರದ ಹಡಗು. ಸಂಘದ ಕಾರ್ಯಕ್ರಮಗಳಲ್ಲಿ ಕಾಫಿ ಕುಡಿಯುವಾಗ, “ಕ್ರೂಸಿಗೆ ಯಾವ ಕಂಪೆನಿ ಒಳ್ಳೆಯದು?” ಎಂಬ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ. ಕಳೆದ ವರ್ಷ ಅದು ನಮ್ಮ ಮನೆಗೂ ಬಂತು. ಎಪ್ಪತ್ತಾರು ದಾಟಿದ ನಮ್ಮ ಅಮ್ಮ ಪಣಜಿಯ ಆಗಬೋಟಿನಲ್ಲಿ ಹೊಸ ಮದುಮಗಳಾಗಿ ಮುಂಬಯಿಗೆ ಬಂದವರು. “ಮೊಣಕಾಲು ಪೂರ್ತಿ ಕೈಕೊಡುವ ಮುಂಚೆ ಇನ್ನೊಂದು ರಾತ್ರಿ ಕಡಲ ಮೇಲೆ ಕಳೆಯಬೇಕು” ಎಂದರು. ಕೂಡಿಟ್ಟ ಹಣ ಒಂದು ಸಲದ ಪ್ರಯಾಣಕ್ಕೆ ಸಾಕಾಗುವಷ್ಟೇ ಇತ್ತು. ಆದ್ದರಿಂದ ಆಯ್ಕೆಯ ವಿಚಾರದಲ್ಲಿ ಅವಸರ ಮಾಡುವಂತಿರಲಿಲ್ಲ. ಹಲವು ವಾರ ವಿಚಾರಿಸಿ ತಿಳಿದದ್ದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಹೊರದೇಶದ ಕಂಪೆನಿಗಳು. ರಾಯಲ್ ಕೆರಿಬಿಯನ್ ಎಂದರೆ ಗಾತ್ರ. 2024ರಲ್ಲಿ ಅದು ಕಡಲಿಗಿಳಿಸಿದ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದದ್ದು. ಅದೊಂದು ತೇಲುವ ಪೇಟೆ. ಜಾರುಬಂಡೆ, ಈಜುಕೊಳ, ಆಟಪಾಟ ಬೇಕೆನ್ನುವ ಮಕ್ಕಳಿರುವ ಸಂಸಾರಕ್ಕೆ ಹೇಳಿಮಾಡಿಸಿದಂತಿದೆ. 1854ರಷ್ಟು ಹಳೆಯ ಮನೆತನದ ಇಟಲಿಯ ಕೋಸ್ಟಾ ಹಾಗೂ ಜಿನೀವಾದಲ್ಲಿ ಕಚೇರಿಯುಳ್ಳ ಎಂಎಸ್‌ಸಿ, ಇವೆರಡೂ ಭೂಮಧ್ಯ ಸಮುದ್ರದ ಊರುಗಳನ್ನು ತೋರಿಸುವುದರಲ್ಲಿ ಪಳಗಿದವು. ಗೊತ್ತಾದ ಹೊತ್ತಿಗೆ ಗೊತ್ತಾದ ಮೇಜಿನಲ್ಲೇ ಊಟಕ್ಕೆ ಕೂರುವ ಕಟ್ಟುಪಾಡು ಬೇಡವೆನ್ನುವವರಿಗೆ ನಾರ್ವೇಜಿಯನ್. ಹಿಮದ ಬೆಟ್ಟಗಳನ್ನು ನೋಡಲು ಅಲಾಸ್ಕಾಕ್ಕೆ ಹೋಗುವವರು ಪ್ರಿನ್ಸೆಸ್ ಅಥವಾ ಹಾಲೆಂಡ್ ಅಮೆರಿಕಾ ಹಡಗುಗಳನ್ನು ವಿಚಾರಿಸಬಹುದು. ಗದ್ದಲ ಒಲ್ಲದ ಹಿರಿಯರಿಗೆ ಎರಡನೆಯದು ಹಿಡಿಸೀತು. ಅಮೆರಿಕದಲ್ಲಿ ಮಕ್ಕಳಿರುವ ನಮ್ಮವರು ಇದನ್ನೇ ಆರಿಸುವುದುಂಟು. ಆದರೆ ಹಡಗು ಕೆನಡದ ಬಂದರನ್ನು ಮುಟ್ಟುವುದಾದರೆ ಅಲ್ಲಿನ ವೀಸಾ ಬೇರೆ ಬೇಕಾಗುತ್ತದೆ, ಮರೆಯಬಾರದು.

ಮುಂಬಯಿಯವರು ಕ್ರೂಸಿಗೆಂದು ಹೋಗುವ ಹೊರನಾಡುಗಳಲ್ಲಿ ಸಿಂಗಪುರವೂ ಒಂದು. ನಮ್ಮ ಮಕ್ಕಳು ಅದಕ್ಕೇ ಪಟ್ಟು ಹಿಡಿದರು. ಹಡಗಿನ ದರವೇನೋ ಮೇಲ್ನೋಟಕ್ಕೆ ಅಗ್ಗವೇ. ಅದಕ್ಕೆ ವಿಮಾನದ ಟಿಕೆಟ್ಟು, ವೀಸಾ, ಹಡಗಿನ ಹಿಂದುಮುಂದಿನ ಹೋಟೆಲಿನ ಬಾಡಿಗೆ ಸೇರಿಸಿದಾಗ ಮೊಬಲಗು ಎರಡು ಪಟ್ಟಾಯಿತು. ದೂರದ ಬೆಟ್ಟ ನುಣ್ಣಗೆ.

ಇನ್ನು ನಮ್ಮ ಬಂದರಿನಿಂದಲೇ ಹೊರಡುವವು. ಇಲ್ಲಿ ಕಂಪೆನಿಗಳು ಬಂದದ್ದೂ ಹೋದದ್ದೂ ಎರಡೂ ಉಂಟು. 2018ರಲ್ಲಿ ಗೋವೆಗೆ ಹೊರಟ ‘ಆಂಗ್ರಿಯಾ’ ನಿಂತಿತು. 2019ರಲ್ಲಿ ಬಂದ ಜಲೇಶ್ ಕಂಪೆನಿಯ ‘ಕರ್ಣಿಕಾ’ ಮರುವರ್ಷವೇ ಅಲಂಗದಲ್ಲಿ ಗುಜರಿ ಸೇರಿತು. 2021ರ ಸೆಪ್ಟೆಂಬರಿನಲ್ಲಿ ಕೊರ್ಡೇಲಿಯಾದ ‘ಎಂಪ್ರೆಸ್’ ಯಾತ್ರೆ ತೊಡಗಿತು. 1990ರಲ್ಲಿ ಕಟ್ಟಿದ, ಹಿಂದೆ ರಾಯಲ್ ಕೆರಿಬಿಯನ್‌ನಲ್ಲಿ ದುಡಿದ ಹಡಗು ಅದು. ‘ಐಕಾನ್’ ಮುಂದೆ ಚಿಕ್ಕದಾದರೂ ಗೋವೆ, ಕೊಚ್ಚಿ, ಲಕ್ಷದ್ವೀಪಗಳಿಗೆ ಪಾಸ್‌ಪೋರ್ಟಿನ ಗೊಡವೆಯಿಲ್ಲದೆ ಹೋಗಬಹುದು, ಸಸ್ಯಾಹಾರಕ್ಕೂ ಪರದಾಡಬೇಕಿಲ್ಲ. ಹಿಂದೆ ವಿಲಾಯತಿಯ ಹಡಗು ಹಿಡಿಯುತ್ತಿದ್ದ ಬ್ಯಾಲಾರ್ಡ್ ಪಿಯರಿನಲ್ಲಿ ಹೊಸ ಕ್ರೂಸ್ ನಿಲ್ದಾಣ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿದೆ. ಉಪನಗರದವರು ವಿ.ಟಿ.ಯಲ್ಲಿ ಇಳಿದರೆ ಟ್ಯಾಕ್ಸಿಗೆ ತುಸುವೇ ದೂರ.

ಯಾವ ಕಂಪೆನಿಯಾದರೂ ಲೆಕ್ಕ ಮಾತ್ರ ಒಂದೇ ಬಗೆಯದು. ಜಾಹೀರಾತಿನ ದರ ಒಬ್ಬರಿಗೆ, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದರೆ. ಒಂಟಿಯಾಗಿ ಹೋಗುವವರು ಹೆಚ್ಚುಕಡಿಮೆ ಇಬ್ಬರ ಹಣ ತೆರಬೇಕು. ಬಂದರಿನ ಶುಲ್ಕ, ತೆರಿಗೆ, ದಿನಕ್ಕಿಷ್ಟೆಂದು ಸಿಬ್ಬಂದಿಗೆ ಕೊಡುವ ಬಕ್ಷೀಸು, ಪಾನೀಯ, ದಡದ ಸುತ್ತಾಟ, ಇಂಟರ್‌ನೆಟ್, ಇವು ಬೇರೆ. ಇವನ್ನೆಲ್ಲ ಕೂಡಿಸಿ ಒಟ್ಟು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಹೋಲಿಕೆ ಸರಿಯಾದೀತು. ತಲೆಸುತ್ತು ಬರುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಕೇಳಬೇಕು. ಅಲ್ಲಿ ಓಲಾಟ ಕಡಮೆ.

ಹವೆಯ ವಿಚಾರ ಅದಕ್ಕಿಂತ ಮುಖ್ಯ. ಮುಂಬಯಿಯ ಹಳಬರು ‘ರಾಮದಾಸ’ನ ಹೆಸರನ್ನು ಮರೆತಿಲ್ಲ. 1947ರ ಜುಲೈ 17ರಂದು, ಮಳೆಗಾಲದ ಬಿರುಸಿನಲ್ಲಿ, ರೇವಸಿಗೆ ಹೊರಟ ಆ ಹಡಗು ಮುಳುಗಿ 600ಕ್ಕೂ ಮಿಕ್ಕಿ ಜನ ತೀರಿಕೊಂಡರು. ಇಂದಿನ ಹಡಗುಗಳ ಮಾತೇ ಬೇರೆ. ಆದರೂ ಅರಬ್ಬೀ ಸಮುದ್ರದ ಸ್ವಭಾವ ಬದಲಾಗಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಕಡಲು ಶಾಂತ.

ಕೊನೆಗೆ ಉಳಿದದ್ದು ಗೋವೆಯೋ ಲಕ್ಷದ್ವೀಪವೋ ಎಂಬ ಪ್ರಶ್ನೆ. ಅಳಿಯಂದಿರಿಗೆ ದ್ವೀಪದ ಮೇಲೆ ಮನಸ್ಸು. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ. ನಡುನೀರಿನಲ್ಲಿ ಸಣ್ಣ ದೋಣಿಗೆ ಇಳಿಯಬೇಕು. ಗೋವೆಯ ಮೊರ್ಮುಗೋವೆಯಲ್ಲಾದರೆ ಹಡಗು ಧಕ್ಕೆಗೇ ಹತ್ತಿ ನಿಲ್ಲುತ್ತದೆ. ಅಮ್ಮನ ಮೊಣಕಾಲೇ ತೀರ್ಪು ಕೊಟ್ಟಿತು. ಜನವರಿಯಲ್ಲಿ ಗೋವೆಗೆ ಹೋಗಿಬರುವ ಎರಡು ರಾತ್ರಿಯ ಯಾತ್ರೆ, ಕಿಟಕಿಯಿರುವ ಕೋಣೆ.

ಸಂಜೆ ಹಡಗು ಬಂದರು ಬಿಟ್ಟಾಗ ಊರಿನ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ಒಳಗೆ ಹಾಡು, ಕುಣಿತ, ನಗೆ. ಅಮ್ಮ ಶಾಲು ಹೊದ್ದು ಮೇಲಟ್ಟದ ಕುರ್ಚಿಯಲ್ಲಿ ಕುಳಿತರು. “ಆಗ ರತ್ನಾಗಿರಿಯಲ್ಲಿ ದೋಣಿಯವರು ಬಂದು ಜನರನ್ನು ಇಳಿಸಿಕೊಂಡು ಹೋಗುತ್ತಿದ್ದರು. ಈ ಹಡಗು ಎಲ್ಲಿಯೂ ಯಾರನ್ನೂ ಇಳಿಸುವುದಿಲ್ಲವೇನೋ?” ಎಂದರು. ಇಲ್ಲವೆಂದೆವು. “ಹಾಗಾದರೆ ಊರಿಗೆ ಹೋದ ಹಾಗಾಗಲಿಲ್ಲ. ಆದರೆ ಗಾಳಿ ಮಾತ್ರ ಅದೇ” ಎಂದು ನಕ್ಕರು. ಎಷ್ಟು ಕರೆದರೂ ನಡುರಾತ್ರಿಯವರೆಗೆ ಏಳಲಿಲ್ಲ.

ಅವರ ಮಾತು ನಿಜ. ಅಂದಿನ ಹಡಗು ಊರು ಮುಟ್ಟಿಸುತ್ತಿತ್ತು; ಇಂದಿನದು ಹೊರಟಲ್ಲಿಗೇ ತಂದು ಬಿಡುತ್ತದೆ. ಆದಕಾರಣ ಇದರಲ್ಲಿ ಕೊಳ್ಳುವುದು ದಾರಿಯನ್ನಲ್ಲ, ಜೊತೆಯಾಗಿ ಕಳೆಯುವ ಹೊತ್ತನ್ನು. ಕಂಪೆನಿಯ ಹೆಸರನ್ನು ಕೇಳುವ ಮುಂಚೆ ಜೊತೆಗೆ ಬರುವವರು ಯಾರು, ಅವರ ಕಾಲಿಗೆ, ನಾಲಗೆಗೆ, ಮನಸ್ಸಿಗೆ ಏನು ಬೇಕು ಎಂಬುದನ್ನು ಕೇಳಿಕೊಳ್ಳಿರಿ. ಅದಕ್ಕೆ ಉತ್ತರ ದೊರೆತರೆ ಹಡಗು ತಾನಾಗಿಯೇ ಗೊತ್ತಾಗುತ್ತದೆ. ಮನೆಯ ಹಿರಿಯರಿಗೆ ಇಂಥ ಆಸೆಯಿದ್ದರೆ ಮುಂದಿನ ವರ್ಷಕ್ಕೆಂದು ಮುಂದೂಡಬೇಡಿರಿ. ಕಡಲು ಕಾದೀತು, ಮೊಣಕಾಲು ಕಾಯುವುದಿಲ್ಲ.