ಲೆಕ್ಕಕ್ಕೆ ಸಿಗದವರು

ನಿವೃತ್ತರು ಸುಮ್ಮನೆ ಕೂತಿದ್ದರೆ ಮಕ್ಕಳ ಕಣ್ಣಿಗೆ ಆಗಿಬರುವುದಿಲ್ಲ. ಮಗ ತನ್ನ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ, ಅದರೊಳಗೆ ಗ್ನೂಕ್ಯಾಶ್ ಕೂರಿಸಿ, "ಇನ್ಮೇಲೆ ಮನೆ ಲೆಕ್ಕ ಇದರಲ್ಲೇ ಬರೀರಿ" ಎಂದು ಹೇಳಿ ತನ್ನ ಊರಿಗೆ ಹೊರಟುಹೋದ.

ಅದರ ಬ್ಯಾಟರಿ ಎಂದೋ ಸತ್ತಿದೆ. ಕರೆಂಟು ಹೋದರೆ ಅದೂ ಹೋಗುತ್ತದೆ. ಮತ್ತೆ ತೆರೆದಾಗ, ಈ ಕಡತವನ್ನು ಇನ್ನೊಬ್ಬರು ಬಳಸುತ್ತಿರಬಹುದು ಎಂಬ ಎಚ್ಚರಿಕೆ. ನನ್ನ ಹಾಲು-ತರಕಾರಿ ಲೆಕ್ಕದಲ್ಲಿ ಇನ್ನೊಬ್ಬರಿಗೂ ಆಸಕ್ತಿಯೇ ಎಂದು ಒಂದು ಗಳಿಗೆ ಹಿಗ್ಗಿದೆ. ಆಮೇಲೆ ತಿಳಿಯಿತು: ತೆರೆಯುವಾಗ ಹಾಕಿಕೊಂಡ ಬೀಗ, ಸರಿಯಾಗಿ ಮುಚ್ಚದಿದ್ದರೆ, .ಎಲ್‌ಸಿಕೆ ಎಂಬ ಬಾಲ ಹೊತ್ತ ಫೈಲಾಗಿ ಅಲ್ಲೇ ಉಳಿಯುತ್ತದಂತೆ. ಅದನ್ನು ಅಳಿಸಿದರೆ ಆಯಿತು. ಟರ್ಮಿನಲ್ಲಿನ ಕರಿ ಪರದೆಯಲ್ಲಿ ಆರ್‌ಎಂ ಎಂದು ಹೊಡೆದು ಅಳಿಸಿದ ದಿನ ಹೆಂಡತಿಯ ಎದುರು ಸ್ವಲ್ಪ ಎದೆಯುಬ್ಬಿಸಿಯೇ ಓಡಾಡಿದೆ.

ನಿಜವಾದ ತಂಟೆ ಬೇರೆ. ಇದು ದ್ವಿನಮೂದು ಪದ್ಧತಿ. ಹಣ ಒಂದು ಖಾತೆಯಿಂದ ಇಳಿದರೆ ಇನ್ನೊಂದಕ್ಕೆ ಹತ್ತಲೇಬೇಕು. ಇದನ್ನು ವಿವರಿಸಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದವನು ಲೂಕಾ ಪಾಚೋಲಿ ಎಂಬ ಕ್ರೈಸ್ತ ಸನ್ಯಾಸಿ. ಸನ್ಯಾಸಿ ಬರೆದ ಲೆಕ್ಕ ಸಂಸಾರಿಗೆ ತಾಳೆಯಾಗಬೇಕೆಂದರೆ ಹೇಗೆ?

ಹೋದ ಹಣ ಎಲ್ಲಿಗೆ ಹೋಯಿತೆಂದು ಹೇಳದೆ ಎಂಟರ್ ಒತ್ತಿದರೆ ಗ್ನೂಕ್ಯಾಶ್ ಜಗಳಕ್ಕೆ ಬರುವುದಿಲ್ಲ. 'ಇಂಬ್ಯಾಲೆನ್ಸ್-ಐಎನ್ಆರ್' ಎಂಬ ಖಾತೆಯನ್ನು ತಾನೇ ಹುಟ್ಟಿಸಿ ಅಲ್ಲಿಗೆ ತಳ್ಳುತ್ತದೆ. ಅಡಿಕೆ ಮಂಡಿಯಲ್ಲಿ ಕಿರ್ದಿ ಬರೆಯುತ್ತಿದ್ದ ಅಪ್ಪನ ಬಳಿಯೂ ಅಂಥದೊಂದಿತ್ತು, ಅನಾಮತ್ತು ಖಾತೆ. ಯಾರದೆಂದು ಗೊತ್ತಾಗದ ದುಡ್ಡಿಗೆ ಅಲ್ಲಿ ತಾತ್ಕಾಲಿಕ ವಸತಿ. ದೀಪಾವಳಿಗೆ ಹೊಸ ಪುಸ್ತಕ ಪೂಜೆಗಿಡುವ ಮೊದಲು ಅದು ಸೊನ್ನೆಯಾಗಲೇಬೇಕು. ಅಲ್ಲಿಯವರೆಗೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ.

ನನ್ನದರಲ್ಲಿ ಕೂತಿರುವ ದುಡ್ಡು ಯಾರದೆಂದು ನನಗೆ ಚೆನ್ನಾಗಿ ಗೊತ್ತು. ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯ, ಮಗಳ ಮದುವೆಗೆಂದು ಇಸಕೊಂಡದ್ದು. ಆಸ್ತಿ ಎಂದು ಬರೆದರೆ ನಾನು ಸಾಲಗಾರನ ಬೆನ್ನು ಹತ್ತಿದವನಾಗುತ್ತೇನೆ. ಖರ್ಚು ಎಂದು ಬರೆದರೆ ಅವನು ಕೊಡುವವನಲ್ಲ ಎಂದು ನಾನೇ ತೀರ್ಪು ಕೊಟ್ಟಂತೆ. ಅದು ಅಲ್ಲೇ ಇರಲಿ ಎಂದು ಬಿಟ್ಟಿದ್ದೇನೆ.

ಮಗನಿಗೆ ಇದು ಸಾಫ್ಟ್‌ವೇರಿನ ತೊಂದರೆ. "ಚೆಕ್ ಅಂಡ್ ರಿಪೇರ್ ಒತ್ತಿ" ಎಂದ. ಒತ್ತಿದೆ, ಚೆಕ್ಕೇನೋ ಆಯಿತು. "ಹಾಗಾದರೆ ಆ ಖಾತೆನೇ ಡಿಲೀಟ್ ಮಾಡಿ." ಮಾಡಹೊರಟರೆ, ಇದರೊಳಗಿನ ವ್ಯವಹಾರವನ್ನು ಅಳಿಸಲೋ, ಬೇರೆ ಖಾತೆಗೆ ಸಾಗಿಸಲೋ ಎಂದು ಕೇಳಿತು. ಕ್ಯಾನ್ಸಲ್ ಒತ್ತಿ ವಾಕಿಂಗಿಗೆ ಹೋದೆ.

ಪಾರ್ಕಿನ ಗೇಟಿನಲ್ಲೇ ಆ ಗೆಳೆಯ ಸಿಕ್ಕಿದ. ಎಳೆದುಕೊಂಡು ಹೋಗಿ ಕಾಫಿ ಕುಡಿಸಿದ, ಬಿಲ್ಲನ್ನೂ ನನ್ನ ಕೈ ತಳ್ಳಿ ತಾನೇ ಕೊಟ್ಟ. ಇದನ್ನು ಆದಾಯ ಎಂದು ಬರೆಯಬೇಕೋ, ವಸೂಲಿ ಎಂದೋ, ಮಗನನ್ನು ಕೇಳಬೇಕು.